ಕಡಲು ಬಲ್ಲ ತಾಂಡೇಲ

ಕರಾವಳಿ ಕರ್ನಾಟಕದ ಮೀನುಗಾರರ ಮಾತಿನಲ್ಲಿ ತಾಂಡೇಲ ಎಂದರೆ ದೋಣಿಯ ಒಡೆಯನೇ ಆಗಬೇಕಿಲ್ಲ, ದೋಣಿಯನ್ನು ನಡೆಸುವವನು. ದೋಣಿ ಯಾರದ್ದೇ ಇರಲಿ, ಬಲೆಗೆ ಯಾರೇ ಹಣ ಹಾಕಿರಲಿ, ಅಳಿವೆ ದಾಟಿದ ಮೇಲೆ ಅವನದೇ ಮಾತು. ಯಾವ ದಿಕ್ಕಿಗೆ ಹೋಗುವುದು, ಎಷ್ಟು ಮಾರು ನೀರಿನಲ್ಲಿ ಬಲೆ ಬಿಡುವುದು, ಗಾಳಿ ತಿರುಗಿದರೆ ದಡಕ್ಕೆ ಮರಳುವುದೋ ಲಂಗರು ಹಾಕಿ ಕಾಯುವುದೋ, ಎಲ್ಲವೂ ಅವನ ತೀರ್ಮಾನ. ಅವನ ಕೈಕೆಳಗಿನವರು ಕಲಾಸಿಗಳು. ಮೀನು ಸಿಕ್ಕಿದರೆ ಇಡೀ ದೋಣಿಯ ಅದೃಷ್ಟ ಎನ್ನುತ್ತಾರೆ, ಸಿಗದಿದ್ದರೆ ತಾಂಡೇಲನಿಗೆ ಲೆಕ್ಕ ತಪ್ಪಿತು ಎನ್ನುತ್ತಾರೆ.

ಈ ಪದ ಕನ್ನಡದ್ದಷ್ಟೇ ಅಲ್ಲ. ಗುಜರಾತಿನಿಂದ ಕೇರಳದವರೆಗಿನ ಪಡುಗಡಲ ತೀರದಲ್ಲಿ, ಆಚೆ ತೆಲುಗು ಕರಾವಳಿಯಲ್ಲಿ ಸಣ್ಣಪುಟ್ಟ ಉಚ್ಚಾರ ಭೇದದೊಂದಿಗೆ ಇದೇ ಪದ ಬಳಕೆಯಲ್ಲಿದೆ. ಇಂಗ್ಲಿಷರ ಹಡಗುಗಳಲ್ಲಿ ದೇಶೀ ನಾವಿಕರ ತಂಡದ ಮೇಸ್ತ್ರಿಗೆ 'ಟಿಂಡಲ್' ಎಂಬ ಹೆಸರಿತ್ತು. ಕಲಾಸಿ ಎಂಬುದೂ ಹಾಗೆಯೇ ಬಂದರಿನಿಂದ ಬಂದರಿಗೆ ಅಲೆದು ಬಂದ ಪದ. ಕಡಲ ಕೆಲಸದ ಭಾಷೆ ರಾಜ್ಯದ ಗಡಿಗಳನ್ನು ಎಂದೂ ಲೆಕ್ಕಕ್ಕಿಟ್ಟದ್ದಿಲ್ಲ. ಮಂಗಳೂರಿನ ಮೊಗವೀರರು, ಗಂಗೊಳ್ಳಿಯ ಖಾರ್ವಿಗಳು, ಭಟ್ಕಳದಿಂದ ಕಾರವಾರದವರೆಗಿನ ಹರಿಕಂತರು, ಅಂಬಿಗರು, ಗಾಬಿತರು, ದಾಲ್ದಿಗಳು ಮನೆಯಲ್ಲಿ ತುಳು, ಕೊಂಕಣಿ, ಕನ್ನಡ ಎಂದು ಬೇರೆ ಬೇರೆ ಮಾತಾಡುತ್ತಾರೆ. ಬೂತಾಯಿ, ಬೈಗೆ, ತಾರ್ಲೆ ಎಂದು ಒಂದೇ ಮೀನಿಗೆ ಊರಿಗೊಂದು ಹೆಸರಿದೆ. ತಾಂಡೇಲನಿಗೆ ಮಾತ್ರ ಎಲ್ಲ ಕಡೆ ತಾಂಡೇಲನೆಂದೇ ಹೆಸರು.

ಇಂಜಿನ್ ಬರುವ ಮೊದಲಿನ ಕಾಲದಲ್ಲಿ ಈ ತೀರದ ಮೀನುಗಾರಿಕೆ ಮೂರು ಸಂಗತಿಗಳನ್ನು ನೆಚ್ಚಿಕೊಂಡಿತ್ತು: ಮಳೆಗಾಲ, ದಿನದ ಗಾಳಿ ಮತ್ತು ದಡದ ಗುಡ್ಡಗಳು. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯ ಮಾರುತಕ್ಕೆ ಕಡಲು ಕುದಿಯುತ್ತಿದ್ದುದರಿಂದ ದೋಣಿಗಳು ತೆಂಗಿನಗರಿಯ ಮಾಡಿನಡಿ ಮಲಗುತ್ತಿದ್ದವು. ಅದೇ ಮಳೆಗಾಲದಲ್ಲಿ ಕಡಲ ತಳದ ತಣ್ಣನೆಯ, ಸತ್ವ ತುಂಬಿದ ನೀರು ತೀರದುದ್ದಕ್ಕೂ ಮೇಲೇಳುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಸಸ್ಯಗಳು ಕೋಟಿಗಟ್ಟಲೆ ಬೆಳೆಯುತ್ತವೆ. ಅವನ್ನು ಮೇಯಲು ಬೂತಾಯಿ ಮತ್ತು ಬಂಗುಡೆಯ ಹಿಂಡುಗಳು ದಡಕ್ಕೆ ಹತ್ತಿರವಾಗುತ್ತವೆ. ನೂಲ ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ, ಹಾಲು ಅರ್ಪಿಸಿ ಸಮುದ್ರಪೂಜೆ ಮಾಡಿ ದೋಣಿ ಇಳಿಸುವ ಪದ್ಧತಿ ಹುಟ್ಟಿದ್ದು ಈ ಲೆಕ್ಕಾಚಾರದಿಂದಲೇ. ಮಲ್ಪೆಯ ಬಳಿಯ ವಡಭಾಂಡೇಶ್ವರದ ಕಡಲ ತೀರದಲ್ಲಿ ಆ ಪೂಜೆ ಈಗಲೂ ನಡೆಯುತ್ತದೆ.

ದಿನದ ಗಾಳಿಯ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ನಡುರಾತ್ರಿ ಕಳೆದ ಮೇಲೆ ನೆಲ ತಣ್ಣಗಾಗಿ ಘಟ್ಟದ ಕಡೆಯಿಂದ ಕಡಲಿನತ್ತ ಮೂಡಣ ಗಾಳಿ ಬೀಸುತ್ತದೆ. ಮಧ್ಯಾಹ್ನ ನೆಲ ಕಾದಾಗ ಗಾಳಿ ತಿರುಗಿ ಪಡುವಣದಿಂದ ದಡಕ್ಕೆ ನುಗ್ಗುತ್ತದೆ. ಹಾಯಿದೋಣಿಯ ಒಂದು ದಿನವೆಂದರೆ ಈ ಎರಡು ಗಾಳಿಗಳ ನಡುವಿನ ಅವಧಿ. ನಸುಕಿನ ಮೂರು ಗಂಟೆಗೆ ದೋಣಿಯನ್ನು ಮರಳಿನ ಮೇಲೆ ತಳ್ಳಿ ನೀರಿಗಿಳಿಸಿದರೆ ಮೂಡಣ ಗಾಳಿ ಅದನ್ನು ಹತ್ತಿಪ್ಪತ್ತು ಮಾರಿನ ಆಳಕ್ಕೆ ಒಯ್ಯುತ್ತಿತ್ತು. ಮಧ್ಯಾಹ್ನದ ಪಡುವಣ ಗಾಳಿ ಮರಳಿ ತರುತ್ತಿತ್ತು. ನಡುವೆ ಗಾಳಿ ಸತ್ತ ಹೊತ್ತಿನಲ್ಲಿ ಗಾಳ ಹಾಕುವುದು. ಕಂತಬಲೆಯವರ ದಿನಚರಿ ಇದಕ್ಕೆ ತಿರುಗುಮುರುಗು. ಅವರು ಸಂಜೆ ಹೊರಟು, ಕತ್ತಲಲ್ಲಿ ಬಲೆಯನ್ನು ಗೋಡೆಯ ಹಾಗೆ ನೀರಿನಲ್ಲಿ ತೇಲಬಿಟ್ಟು, ಬೆಳಕು ಹರಿಯುವಾಗ ಎಳೆಯುತ್ತಿದ್ದರು. ತಾಂಡೇಲ ಒಂದು ಗಂಟೆ ತಡಮಾಡಿದರೆ ಉಳಿದವರು ಅಷ್ಟು ದೂರ ಹುಟ್ಟು ಹಾಕಬೇಕಾಗುತ್ತಿತ್ತು.

ದಡ ಬಿಡುವ ಮುನ್ನ ದಾಟಬೇಕಾದ ಕಂಟಕ ಅಳಿವೆ. ಹೊಳೆ ಕಡಲಿಗೆ ಸೇರುವ ಬಾಯಿಯಲ್ಲಿ ಮರಳಿನ ದಿಬ್ಬಗಳು ವರ್ಷವರ್ಷವೂ ಜಾಗ ಬದಲಿಸುತ್ತವೆ. ಮಂಗಳೂರು, ಗಂಗೊಳ್ಳಿ, ಹೊನ್ನಾವರಗಳ ಅಳಿವೆಗಳಲ್ಲಿ ಮಗುಚಿದ ದೋಣಿಗಳ ಸಂಖ್ಯೆ ನಡುಗಡಲಿನಲ್ಲಿ ಮುಳುಗಿದವುಗಳಿಗಿಂತ ಕಡಿಮೆಯೇನೂ ಇರಲಾರದು. ತಾಂಡೇಲ ಅಳಿವೆಯ ಒಳಗೆ ದೋಣಿ ನಿಲ್ಲಿಸಿ ತೆರೆ ಎಣಿಸುತ್ತಾನೆ. ದೊಡ್ಡ ತೆರೆಗಳು ಒಂದರ ಹಿಂದೊಂದು ಗುಂಪಾಗಿ ಬಂದು ಒಡೆದ ಮೇಲೆ ಸ್ವಲ್ಪ ಹೊತ್ತು ನೀರು ಸಪಾಟಾಗುತ್ತದೆ. ಆ ಬಿಡುವಿನಲ್ಲಿ ಎಲ್ಲರೂ ಒಂದೇ ಉಸಿರಿಗೆ ಹುಟ್ಟು ಹಾಕಿ ದಾಟಬೇಕು. ದೋಣಿಯ ಮೂತಿ ತೆರೆಗೆ ನೇರವಾಗಿರಬೇಕು, ಒಂದಿಷ್ಟು ಓರೆಯಾದರೂ ತೆರೆ ಅದನ್ನು ಮಗ್ಗುಲಿಗೆ ಕೆಡವುತ್ತದೆ. ಹೊರಡಬೇಕಾದ ಕ್ಷಣವನ್ನು ಹೇಳುವವನು ಒಬ್ಬನೇ. ಇಬ್ಬರು ಹೇಳಿದರೆ ದೋಣಿ ಉಳಿಯುವುದಿಲ್ಲ.

ಆಚೆ ಹೋದ ಮೇಲೆ ಜಾಗ ಹಿಡಿಯುವುದು ಗುಡ್ಡಗಳ ಲೆಕ್ಕದಲ್ಲಿ. ದಡದ ಮೇಲಿನ ಒಂದು ಗುರುತು, ಅದರ ಹಿಂದೆ ದೂರದ ಒಂದು ಶಿಖರ, ಎರಡೂ ಒಂದೇ ಗೆರೆಗೆ ಬಂದಾಗ ದೋಣಿ ಒಂದು ರೇಖೆಯ ಮೇಲೆ ಇರುತ್ತದೆ. ಬಡಗು ದಿಕ್ಕಿನಲ್ಲಿ ಇಂಥದೇ ಇನ್ನೊಂದು ಜೋಡಿ ಕೂಡಿದರೆ ಎರಡು ರೇಖೆಗಳು ಕತ್ತರಿಸುವ ಬಿಂದುವೇ ಬೇಕಾದ ಜಾಗ. ಕಡಲಿನಿಂದ ನೋಡಿದರೆ ಕುದುರೆಯ ಮುಖದಂತೆ ಕಾಣುವ ಕುದುರೆಮುಖ ಶಿಖರ, 1,343 ಮೀಟರ್ ಎತ್ತರದ ಕೊಡಚಾದ್ರಿ ಇವೆಲ್ಲ ಘಟ್ಟದ ಮೇಲಿನವರಿಗೆ ಚಾರಣದ ಜಾಗಗಳು. ಕಡಲಿನವರಿಗೆ ದಾರಿಯ ಕಲ್ಲುಗಳು. ತಗ್ಗಿನಲ್ಲಿ ದೇವಸ್ಥಾನದ ಗೋಪುರ, ಎತ್ತರದ ಓಲೆಮರ, ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪಗಳು, ಮುರ್ಡೇಶ್ವರದಾಚೆಯ ನೇತ್ರಾಣಿ ಗುರುತಾಗುತ್ತಿದ್ದವು. 1901ರಲ್ಲಿ ಕಾಪುವಿನ ಬಂಡೆಯ ಮೇಲೆ ದೀಪಸ್ತಂಭ ಎದ್ದ ಮೇಲೆ ರಾತ್ರಿಗೂ ಒಂದು ಗುರುತು ಸಿಕ್ಕಿತು.

ಮುರುಮೀನು, ಕಲ್ಲೂರಿನಂಥ ಬೆಲೆಬಾಳುವ ಮೀನುಗಳು ಕಡಲೊಳಗಿನ ಕಲ್ಲುಗಳ ಸಂದಿಯಲ್ಲಿ ಇರುತ್ತವೆ. ಅಂಥ ಕಲ್ಲಿನ ಗುರುತು ಒಂದು ಮನೆತನದ ಆಸ್ತಿ ಇದ್ದ ಹಾಗೆ. ತಂದೆ ಮಗನಿಗೆ, ಮಾವ ಅಳಿಯನಿಗೆ ಹೇಳಿಕೊಟ್ಟು ಹೋಗುತ್ತಿದ್ದ. ಬೇರೆ ದೋಣಿ ಹತ್ತಿರ ಸುಳಿದರೆ ಗಾಳ ಎತ್ತಿ ಬೇರೆಡೆಗೆ ಹೋದಂತೆ ನಟಿಸುವುದೂ ಉಂಟು. ಆಳ ತಿಳಿಯಲು ತೂಕ ಕಟ್ಟಿದ ಹಗ್ಗವನ್ನು ಇಳಿಸಿ, ಮೇಲೆಳೆಯುವಾಗ ಎರಡೂ ತೋಳು ಚಾಚಿ ಮಾರಿನ ಲೆಕ್ಕದಲ್ಲಿ ಅಳೆಯುತ್ತಿದ್ದರು. ತೂಕಕ್ಕೆ ಅಂಟಿ ಬಂದದ್ದನ್ನು ತಾಂಡೇಲ ಬೆರಳಲ್ಲಿ ಉಜ್ಜಿ ನೋಡುತ್ತಿದ್ದ. ನುಣ್ಣನೆಯ ಕೆಸರಾದರೆ ಸಿಗಡಿ, ನಂಗುಗಳ ಜಾಗ. ಹೊಯಿಗೆಯಾದರೆ ಕಾಣೆ ಸಿಗಬಹುದು. ಏನೂ ಅಂಟದೆ ಟಣ್ಣೆಂದರೆ ಕೆಳಗೆ ಕಲ್ಲು, ಬಲೆ ಬಿಡಬಾರದು.

ಹಿಂಡು ಮೀನನ್ನು ಗುರುತಿಸುವ ವಿದ್ಯೆ ಬೇರೆ. ಬಂಗುಡೆಯ ಹಿಂಡು ಮೇಲೆ ಬಂದಾಗ ಶಾಂತ ನೀರಿನ ಮೇಲೆ ಸಣ್ಣ ಮಳೆ ಹನಿದಂತೆ ಚುಕ್ಕೆಚುಕ್ಕೆ ಅಲುಗಾಟ ಏಳುತ್ತದೆ. ಅಲ್ಲಿ ನೀರಿನ ಬಣ್ಣ ಸುತ್ತಲಿನದಕ್ಕಿಂತ ಕಪ್ಪಾಗುತ್ತದೆ, ಕಡಲಹಕ್ಕಿಗಳು ಗಿರಕಿ ಹೊಡೆಯುತ್ತವೆ. ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ಇನ್ನೊಂದು ದಾರಿಯಿದೆ. ಆಗ ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಕದಡಿದಲ್ಲೆಲ್ಲ ನೀಲಿ ಬೆಳಕು ಚೆಲ್ಲುವುದರಿಂದ ಮೀನಿನ ಹಿಂಡು ಕತ್ತಲ ನೀರಿನಲ್ಲಿ ಬೆಳಗುವ ಮೋಡದ ಹಾಗೆ ಸರಿಯುತ್ತದೆ. ಆ ಮೋಡದ ವೇಗ, ಅಗಲ, ಮಿಂಚುವ ಬಗೆ ನೋಡಿ ಕೆಳಗಿರುವುದು ಬೂತಾಯಿಯೋ ಬಂಗುಡೆಯೋ ಎಂದು ಹಳಬರು ಹೇಳಬಲ್ಲರು. ಹುಣ್ಣಿಮೆಯ ಬೆಳದಿಂಗಳು ಕವಿಗಳಿಗೆ ಚೆಂದ, ಬಲೆಯವರಿಗೆ ಅಷ್ಟಕ್ಕಷ್ಟೆ.

ಇಷ್ಟೆಲ್ಲ ತಿಳಿವಳಿಕೆ ಬರವಣಿಗೆಗೆ ಇಳಿಯಲಿಲ್ಲ. 1875ರಿಂದ 1878ರ ನಡುವೆ ಪ್ರಕಟವಾದ ಫ್ರಾನ್ಸಿಸ್ ಡೇ ಅವರ 'ದಿ ಫಿಶಸ್ ಆಫ್ ಇಂಡಿಯಾ' ಈ ಕಡಲ ಮೀನುಗಳನ್ನೂ ಚಿತ್ರಸಹಿತ ವರ್ಣಿಸಿತು. ಆದರೆ ಮೀನಿನ ರೆಕ್ಕೆಯ ಮುಳ್ಳುಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ಮೀನು ಹುಡುಕುವವನ ಜ್ಞಾನವನ್ನು ಆ ಕಾಲದಲ್ಲಿ ಯಾರೂ ಬರೆದಿಡಲಿಲ್ಲ. ಆ ಜ್ಞಾನದ ಒಂದು ಚೂರು ಮಾತ್ರ ವಿಜ್ಞಾನದಲ್ಲಿ ಉಳಿದಿದೆ. ಬಂಗುಡೆಯ ಶಾಸ್ತ್ರೀಯ ಹೆಸರು ರಾಸ್ಟ್ರೆಲ್ಲಿಜರ್ ಕನಗುರ್ತ. ಅದರ ಎರಡನೆಯ ಪದ ಲ್ಯಾಟಿನ್ ಅಲ್ಲ, ವಿಶಾಖಪಟ್ಟಣದ ಬೆಸ್ತರು ಆ ಮೀನನ್ನು ಕರೆಯುತ್ತಿದ್ದ ತೆಲುಗು ಹೆಸರು.

ತಾಂಡೇಲನ ಅಧಿಕಾರ ಅತ್ಯಂತ ದೊಡ್ಡದಾಗಿ ಕಂಡದ್ದು ರಂಪಣಿಯಲ್ಲಿ. ರಂಪಣಿ ಎಂಬುದು ದಡದಿಂದ ಎಳೆಯುವ ದೈತ್ಯ ಬಲೆ. ಅದು ಗೋವೆಯ ಕಡೆಯಿಂದ ಬಂತು, ಪೋರ್ಚುಗೀಸ್ ಪಾದ್ರಿಯೊಬ್ಬ ಕಲಿಸಿಕೊಟ್ಟ ಎಂಬುದು ತೀರದಲ್ಲಿ ಪ್ರಚಲಿತವಾದ ಮಾತು. 20ನೇ ಶತಮಾನದ ಮೊದಲ ಮುಕ್ಕಾಲು ಭಾಗದಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ಬಂಗುಡೆ ಹಿಡಿಯುವ ಮುಖ್ಯ ಸಾಧನ ಅದೇ ಆಗಿತ್ತು. ನೂರಾರು ಬಲೆತುಂಡುಗಳನ್ನು ಒಂದಕ್ಕೊಂದು ಹೆಣೆದರೆ ಒಂದು ಕಿಲೋಮೀಟರಿಗೂ ಮೀರಿದ ರಂಪಣಿ ಸಿದ್ಧವಾಗುತ್ತಿತ್ತು. ಇಷ್ಟು ದೊಡ್ಡ ಬಲೆಯನ್ನು ಒಬ್ಬ ಇಟ್ಟುಕೊಳ್ಳುವುದು ಸಾಧ್ಯವಿರಲಿಲ್ಲ. ಒಂದೊಂದು ಮನೆಯವರು ತಮ್ಮ ಪಾಲಿನ ತುಂಡುಗಳನ್ನು ಹೆಣೆದು ತರುತ್ತಿದ್ದರು. ತುಂಡು ಎಷ್ಟೋ ಪಾಲು ಅಷ್ಟು. ದುಡಿದ ಕೈಗೆ, ದೋಣಿಗೆ, ತಾಂಡೇಲನಿಗೆ ಬೇರೆ ಪಾಲು, ಊರ ದೇವರಿಗೂ ಒಂದಿಷ್ಟು. ಸಹಕಾರ ಸಂಘ ಎಂಬ ಪದ ಕಡತಕ್ಕೆ ಬರುವ ಮೊದಲೇ ಮರಳಿನ ಮೇಲೆ ಅದು ನಡೆಯುತ್ತಿತ್ತು.

ಮೊದಲು ಸೆಣಬಿನ, ಆಮೇಲೆ ಹತ್ತಿಯ ನೂಲಿನ ಬಲೆ ಇರುತ್ತಿತ್ತು. ಉಪ್ಪುನೀರಿಗೆ ಅದು ಬೇಗ ಕೊಳೆಯುತ್ತದೆ. ಅದಕ್ಕಾಗಿ ಮರದ ತೊಗಟೆಯನ್ನು ದೊಡ್ಡ ಹಂಡೆಗಳಲ್ಲಿ ಕುದಿಸಿ, ಆ ಕಂದು ಕಷಾಯದಲ್ಲಿ ಬಲೆ ಅದ್ದಿ, ಮರಳಿನ ಮೇಲೆ ಹರವಿ ಒಣಗಿಸುವುದು ಋತುವಿನುದ್ದಕ್ಕೂ ಇದ್ದ ಕೆಲಸ. 1960ರ ದಶಕದಲ್ಲಿ ನೈಲಾನ್ ನೂಲು ಹಬ್ಬಿದ ಮೇಲೆ ಹಂಡೆಗಳು ಮೂಲೆ ಸೇರಿದವು.

ರಂಪಣಿ ಬಿಡುವ ಬೆಳಗ್ಗೆ ಊರಿಗೆ ಊರೇ ದಡದಲ್ಲಿರುತ್ತಿತ್ತು. ಬಲೆ ತುಂಬಿದ ದೊಡ್ಡ ದೋಣಿ ನೀರಿನಲ್ಲಿ ಸಿದ್ಧವಾಗಿ ನಿಲ್ಲುತ್ತಿತ್ತು. ಅದರ ಹಲಗೆಗಳನ್ನು ಕಬ್ಬಿಣದ ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿದಿರುತ್ತಿದ್ದರು, ಮೈಗೆ ಮೀನೆಣ್ಣೆ ಬಳಿದಿರುತ್ತಿದ್ದರು. ತಾಂಡೇಲ ಸಣ್ಣ ದೋಣಿಯಲ್ಲಿ ಮುಂದೆ ಹೋಗಿ ಹಿಂಡನ್ನು ನೋಡಿ, ಕೈಯೆತ್ತಿ ಸನ್ನೆ ಮಾಡಿದಾಗ ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಬಿಟ್ಟು ದೊಡ್ಡ ದೋಣಿ ಅರ್ಧಚಂದ್ರಾಕಾರವಾಗಿ ಹಿಂಡಿನ ಹೊರಗಿಂದ ಸುತ್ತುತ್ತಿತ್ತು. ಬಲೆ ನೀರಿಗೆ ಇಳಿಯುತ್ತಲೇ ಹೋಗಿ ಇನ್ನೊಂದು ತುದಿ ದೂರದ ದಡ ಸೇರುತ್ತಿತ್ತು. ಆಮೇಲೆ ಎರಡೂ ಕಡೆ ಮೂವತ್ತು ನಲವತ್ತು ಜನ ಹಗ್ಗಕ್ಕೆ ಬೆನ್ನು ಕೊಟ್ಟು, ಹಾಡಿನ ಲಯಕ್ಕೆ ಹೆಜ್ಜೆಯಿಟ್ಟು ಎಳೆಯುತ್ತಿದ್ದರು. ಒಂದು ಕಡೆಯವರು ಅವಸರಿಸಿದರೆ ಬಲೆಯ ತಳ ನೆಲ ಬಿಟ್ಟು ಮೇಲೇಳುತ್ತದೆ, ಹಿಂಡಿಗೆ ಹಿಂಡೇ ಅಡಿಯಿಂದ ಪಾರಾಗುತ್ತದೆ. ಹಾಗಾಗಿ ಈಗ ತೆಂಕಿನವರು ನಿಲ್ಲಿ, ಬಡಗಿನವರು ಎಳೆಯಿರಿ ಎಂದು ತಾಂಡೇಲ ನೀರಿನ ನಡುವಿನಿಂದ ಕೂಗುತ್ತಲೇ ಇರಬೇಕು.

ಬಿದ್ದ ಮೀನು ಅಪಾರವಾಗಿದ್ದರೆ ಅದನ್ನು ಒಮ್ಮೆಗೇ ದಡಕ್ಕೆ ತರುತ್ತಿರಲಿಲ್ಲ. ಬಲೆಯನ್ನು ಆಳವಿಲ್ಲದ ನೀರಿನಲ್ಲಿ ಗೂಟ, ಲಂಗರುಗಳಿಂದ ನಿಲ್ಲಿಸಿ, ಹೊರಗಿನಿಂದ ಇನ್ನೊಂದು ಬಲೆಯ ಬೇಲಿ ಕಟ್ಟಿ, ಮೀನನ್ನು ಜೀವಂತ ಕೂಡಿಹಾಕಿ ದಿನಕ್ಕಿಷ್ಟು ಎಂದು ತೆಗೆಯುತ್ತಿದ್ದರು. ಮಂಜುಗಡ್ಡೆ ಇಲ್ಲದ ಕಾಲದ ಶೀತಲಗೃಹ ಅದು. ಬೆಲೆ ಕುಸಿಯದಂತೆ, ಉಪ್ಪು ಸಾಲದೆ ಮೀನು ಹಾಳಾಗದಂತೆ ದಿನದ ಅಳತೆ ನಿರ್ಧರಿಸುತ್ತಿದ್ದವನೂ ತಾಂಡೇಲನೇ.

ಉಪ್ಪಿನ ಪ್ರಶ್ನೆ ಸಣ್ಣದಾಗಿರಲಿಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಒಂದೇ ಕಡಲಿನ ಮೀನಿಗೆ ಎರಡು ಸರಕಾರಗಳ ಕಾನೂನು ಬಂತು. ಹಸಿಮೀನು ದಡದಿಂದ ಒಂದು ಹಗಲಿನ ನಡಿಗೆಯಾಚೆ ಹೋಗಲಾರದು. ಘಟ್ಟ ಹತ್ತಬೇಕಾದರೆ ಉಪ್ಪು ಹಾಕಿ ಒಣಗಿಸಲೇಬೇಕು. ಬ್ರಿಟಿಷರ ಉಪ್ಪಿನ ತೆರಿಗೆ ಆ ಕಸುಬಿನ ಕತ್ತು ಹಿಸುಕಿತು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಮದರಾಸು ಸರಕಾರ ತೀರದುದ್ದಕ್ಕೂ ಮೀನು ಉಪ್ಪು ಹಾಕುವ ಅಂಗಳಗಳನ್ನು ತೆರೆದು, ಬೇಲಿಯೊಳಗೆ ಮಾತ್ರ ಬಳಸಬೇಕೆಂಬ ಕಟ್ಟಲೆಯೊಂದಿಗೆ ಕಡಿಮೆ ಬೆಲೆಗೆ ಉಪ್ಪು ಕೊಟ್ಟಿತು. ಉತ್ತರ ಕನ್ನಡದಲ್ಲಿ ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರಗಳು ಹತ್ತಿರವೇ ಇದ್ದವು. 1930ರ ಉಪ್ಪಿನ ಸತ್ಯಾಗ್ರಹಕ್ಕೆ ಅಂಕೋಲೆ ಕರ್ನಾಟಕದ ಕೇಂದ್ರವಾದದ್ದರ ಹಿಂದೆ ಈ ನೆಲದ ಅನುಭವವೂ ಇತ್ತು.

ಬೂತಾಯಿಯ ಕಥೆ ಎಣ್ಣೆಯದು. ಸಿಕ್ಕಿದಾಗ ರಾಶಿರಾಶಿ ಸಿಗುವ ಈ ಮೀನನ್ನು ತಿಂದು ಮುಗಿಸಲಾಗದೆ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಮದರಾಸು ಪ್ರಾಂತ್ಯದಲ್ಲಿ 1907ರಲ್ಲಿ ಮೀನುಗಾರಿಕೆಗೆಂದೇ ಕಚೇರಿ ಸ್ಥಾಪನೆಗೆ ಕಾರಣರಾದ ಫ್ರೆಡರಿಕ್ ನಿಕಲ್ಸನ್, ಮೀನನ್ನು ಬೇಯಿಸಿ ಹಿಂಡಿ ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ಗೊಬ್ಬರವಾಗಿ ಮಾರುವ ಸುಧಾರಿತ ವಿಧಾನವನ್ನು ಹರಡಿದರು. ಮಲಬಾರು, ದಕ್ಷಿಣ ಕನ್ನಡದ ತೀರದಲ್ಲಿ ಸಣ್ಣ ಸಣ್ಣ ಎಣ್ಣೆ ಕಾರ್ಖಾನೆಗಳು ಎದ್ದವು. ಆದರೆ 1940ರ ದಶಕದಲ್ಲಿ ಬೂತಾಯಿ ಹೆಚ್ಚುಕಡಿಮೆ ಮಾಯವಾಯಿತು. ಕೆಲವು ವರ್ಷ ತುಂಬಿ ತುಳುಕಿ ಕೆಲವು ವರ್ಷ ಕಾಣದಂತಾಗುವುದು ಈ ಮೀನಿನ ಗುಣ, ಇದರ ಪೂರ್ತಿ ಲೆಕ್ಕ ತಾಂಡೇಲನಿಗೂ ಸಿಕ್ಕಿಲ್ಲ, ವಿಜ್ಞಾನಿಗೂ ಸಿಕ್ಕಿಲ್ಲ.

ಮೀನು ದಡಕ್ಕೆ ಬಿದ್ದ ಮೇಲೆ ತಾಂಡೇಲನ ರಾಜ್ಯ ಮುಗಿದು ಹೆಂಗಸರದು ಶುರುವಾಗುತ್ತಿತ್ತು. ಹರಾಜು ಕೂಗಿ, ಬುಟ್ಟಿ ತುಂಬಿಸಿ ತಲೆಯ ಮೇಲಿಟ್ಟು ಹಳ್ಳಿಹಳ್ಳಿಗೆ ನಡೆದು ಮಾರಿದವರು ಅವರು. ಮೊಗವೀರರಲ್ಲಿ ಅಳಿಯಸಂತಾನ ಪದ್ಧತಿಯಿದ್ದುದರಿಂದ ಮನೆಯ ಹಕ್ಕೂ ಹೆಣ್ಣಿನ ಕಡೆಯಿಂದಲೇ ಬರುತ್ತಿತ್ತು. ಗಂಡಸು ಕಡಲಲ್ಲಿ ಕಳೆದುಹೋದರೂ ಮನೆ ಉಳಿಯಬೇಕು ಎನ್ನುವ ಕಸುಬಿಗೆ ಆ ಪದ್ಧತಿ ಚೆನ್ನಾಗಿ ಹೊಂದಿತ್ತು. ಕಡಲ ಕಡೆಯ ದೈವ ಬೊಬ್ಬರ್ಯನ ಕಥೆ ಹಾಡುವ ಪಾಡ್ದನದಲ್ಲಿ ಮುಸ್ಲಿಂ ಕಡಲವ್ಯಾಪಾರಿಯ ನೆನಪು ಬೆರೆತಿದೆ. ಈ ತೀರದ ದೋಣಿಗಳಲ್ಲಿ ಯಾರು ಯಾರ ಜೊತೆ ಹುಟ್ಟು ಹಾಕಿದ್ದರು ಎಂಬುದಕ್ಕೆ ಅದೊಂದು ದಾಖಲೆ.

1956ರಲ್ಲಿ ಎರಡೂ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಹೊತ್ತಿಗೆ ಇಂಜಿನ್ ಬರುತ್ತಿತ್ತು. ಕೇರಳದಲ್ಲಿ 1950ರ ದಶಕದ ಆರಂಭದಲ್ಲಿ ಹುಟ್ಟಿದ ಇಂಡೋ-ನಾರ್ವೇಜಿಯನ್ ಯೋಜನೆ 1960ರ ದಶಕದಲ್ಲಿ ಕಾರವಾರಕ್ಕೂ ಚಾಚಿತು. ಅದೇ ದಶಕದಲ್ಲಿ ಮರದ ಸಣ್ಣ ಟ್ರಾಲ್‌ಬೋಟುಗಳು ಮಂಗಳೂರು, ಮಲ್ಪೆಗಳಲ್ಲಿ ಕಾಣಿಸಿಕೊಂಡವು. ತಳದ ಮೇಲೆ ಬಲೆಯ ಚೀಲವನ್ನು ಎಳೆಯುತ್ತಾ ಹೋಗುವ ಟ್ರಾಲಿಗೆ ಬೇಕಾದದ್ದು ಸಿಗಡಿ. ಸಿಗಡಿಗೆ ಬೇಕಾದದ್ದು ಜಪಾನ್, ಅಮೆರಿಕದ ಮಾರುಕಟ್ಟೆ. ಬೆಳಗ್ಗೆ ಹೋಗಿ ಸಂಜೆ ಬರುವ ಈ ಬೋಟುಗಳಲ್ಲಿ ತಾಂಡೇಲ ಗಾಳಿಯ ಹಂಗಿನಿಂದ ಬಿಡುಗಡೆ ಹೊಂದಿದ. ಬದಲಿಗೆ ಡೀಸೆಲಿನ ಹಂಗು ಬಂತು. ಹಿಂಡು ನೋಡುವ ಕಣ್ಣಿಗಿಂತ ತಳ ಬಲ್ಲ ನೆನಪಿಗೆ ಬೆಲೆ ಹೆಚ್ಚಿತು, ಏಕೆಂದರೆ ಕಡಲೊಳಗಿನ ಒಂದು ಕಲ್ಲು ಇಡೀ ಬಲೆಯನ್ನು ಹರಿದು ಹಾಕಬಲ್ಲದು. ಹಿಂದೆ ಗಾಳದವರು ಮೀನಿಗಾಗಿ ಹುಡುಕುತ್ತಿದ್ದ ಕಲ್ಲುಗಳನ್ನೇ ಈಗ ಟ್ರಾಲಿನವರು ತಪ್ಪಿಸಿಕೊಳ್ಳಲು ನೆನಪಿಡಬೇಕಾಯಿತು.

ನಿಜವಾದ ಬಿರುಗಾಳಿ ಎದ್ದದ್ದು 1970ರ ದಶಕದ ನಡುವಿನಲ್ಲಿ, ಪರ್ಸೀನ್ ಬಲೆಯೊಂದಿಗೆ. ಈ ಬಲೆಯ ಕೆಳಅಂಚಿನಲ್ಲಿ ಬಳೆಗಳು, ಬಳೆಗಳ ಮೂಲಕ ಹಾಯ್ದ ಒಂದು ಹಗ್ಗ. ಹಿಂಡಿನ ಸುತ್ತ ಬಲೆ ಬಿಟ್ಟು ಆ ಹಗ್ಗ ಎಳೆದರೆ ಎಲೆಯಡಿಕೆ ಸಂಚಿಯ ಬಾಯಿ ಮುಚ್ಚಿದ ಹಾಗೆ ತಳ ಮುಚ್ಚುತ್ತದೆ. ಮೀನಿಗೆ ಅಡಿಯಿಂದಲೂ ದಾರಿಯಿಲ್ಲ. ರಂಪಣಿ ಹಿಂಡು ದಡಕ್ಕೆ ಬರಲಿ ಎಂದು ಕಾಯುತ್ತಿತ್ತು, ಪರ್ಸೀನ್ ಹಿಂಡು ಇದ್ದಲ್ಲಿಗೇ ಹೋಯಿತು. ನೂರು ಜನ ಎಳೆಯುತ್ತಿದ್ದದ್ದನ್ನು ಇಂಜಿನಿನ ಬಲದಿಂದ ಇಪ್ಪತ್ತೈದು ಮೂವತ್ತು ಜನ ಎಳೆದರು. ದಡದಲ್ಲಿ ಕಾಯುತ್ತಿದ್ದ ರಂಪಣಿಗಳಿಗೆ ಬಂಗುಡೆ ಬರುವುದೇ ನಿಂತಿತು. ಪ್ರತಿಭಟನೆಗಳು, ಕಡಲಲ್ಲೇ ಜಗಳಗಳು ನಡೆದವು. ರಂಪಣಿಯವರೇ ಗುಂಪುಗೂಡಿ ಸಾಲ ಮಾಡಿ ಪರ್ಸೀನ್ ಬೋಟು ಕೊಂಡದ್ದೂ ಉಂಟು. ಹತ್ತು ವರ್ಷ ಕಳೆಯುವಷ್ಟರಲ್ಲಿ ದೊಡ್ಡ ರಂಪಣಿಗಳು ಹೆಸರಿಗಷ್ಟೇ ಉಳಿದವು. ಪಾಲು ಲೆಕ್ಕಕ್ಕೆ ಬದಲು ಬೋಟಿನ ಮಾಲೀಕ, ಅವನು ನೇಮಿಸಿದ ತಾಂಡೇಲ, ಸಂಬಳ-ಕಮಿಷನ್ನಿನ ಕಲಾಸಿ ಎಂಬ ಹೊಸ ಏರ್ಪಾಡು ಬಂತು. ಈ ಬದಲಾವಣೆಯಲ್ಲಿ ಮೀನಿಗಿಂತ ಹೆಚ್ಚು ನಷ್ಟವಾದದ್ದು ದಡದ ಜನರ ಪಾಲುದಾರಿಕೆಗೆ.

ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯಿದೆ 1986ರಲ್ಲಿ ಬಂತು. ದಡದಿಂದ 6 ಕಿಲೋಮೀಟರ್ ಒಳಗಿನ ನೀರನ್ನು ಸಾಂಪ್ರದಾಯಿಕ ಮೀನುಗಾರರಿಗೆ ಮೀಸಲಿಟ್ಟದ್ದು ಆ ವ್ಯವಸ್ಥೆಯ ಮುಖ್ಯ ಅಂಶ. ನೀರಿನ ಮೇಲೆ ಗೆರೆ ಎಳೆಯುವುದು ಸುಲಭ, ಅದರ ಆಚೆಗೇ ಬೋಟುಗಳನ್ನು ನಿಲ್ಲಿಸುವುದು ಕಷ್ಟ. ಅದಕ್ಕೂ ಮೊದಲು, 1976ರ ಕಾಯಿದೆಯಿಂದ ದೇಶದ ಹಕ್ಕು 200 ನಾಟಿಕಲ್ ಮೈಲಿವರೆಗೆ ವಿಸ್ತರಿಸಿತ್ತು. ದಡದ ನೀರಿನಲ್ಲಿ ನೂಕುನುಗ್ಗಲು ಹೆಚ್ಚಿದಂತೆ ಬೋಟುಗಳು ಆ ಕಡೆಗೆ ಮುಖ ಮಾಡಿದವು.

1990ರ ದಶಕದಿಂದೀಚೆಗೆ ಮಲ್ಪೆ, ಮಂಗಳೂರಿನ ಆಳಸಮುದ್ರ ಬೋಟುಗಳಿಗೆ ದಿನದ ಲೆಕ್ಕವೇ ಹೋಯಿತು. ಮಂಜುಗಡ್ಡೆ, ಡೀಸೆಲ್, ಕುಡಿಯುವ ನೀರು, ಕುಚ್ಚಲಕ್ಕಿ ತುಂಬಿಕೊಂಡು ಏಳೆಂಟು ಜನ ಹೊರಟರೆ ಮರಳುವುದು ವಾರ, ಹತ್ತು ದಿನ ಕಳೆದ ಮೇಲೆ. ತೆಂಕಿಗೆ ಕೇರಳದೆದುರು, ಬಡಗಿಗೆ ಗೋವೆ, ಮಹಾರಾಷ್ಟ್ರ, ಗುಜರಾತಿನೆದುರಿನವರೆಗೂ ಅವರ ಓಡಾಟ. ಬೊಂಡಾಸ್, ಕಪ್ಪೆ ಬೊಂಡಾಸ್, ಮದ್ಮಾಳ್, ಪಾಂಬೋಲು ಇವೆಲ್ಲ ರಂಪಣಿಯ ಕಾಲದಲ್ಲಿ ಲೆಕ್ಕಕ್ಕಿಲ್ಲದ ಜಾತಿಗಳು. ಈಗ ರಫ್ತಿನ ಸರಕು. ಕಲಾಸಿಗಳಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದವರು ಹೆಚ್ಚುತ್ತಾ ಬಂದರು, ಕಡಲನ್ನೇ ಕಾಣದೆ ಬೆಳೆದವರೂ ಅವರಲ್ಲಿದ್ದಾರೆ. ತಾಂಡೇಲ ಮಾತ್ರ ಬಹುಮಟ್ಟಿಗೆ ಊರಿನವನೇ ಆಗಿ ಉಳಿದ.

ಅವನ ಕೋಣೆಯಲ್ಲಿ ಈಗ ಗಾಜಿನ ಪರದೆಗಳಿವೆ. ಜಿಪಿಎಸ್ ಬಂದ ಮೇಲೆ ಮನೆತನದ ಗುಟ್ಟಾಗಿದ್ದ ಕಲ್ಲಿನ ಜಾಗಗಳು ಎರಡು ಸಾಲು ಅಂಕಿಗಳಾದವು. ಒಮ್ಮೆ ಅಂಕಿಯಾದದ್ದು ಗುಟ್ಟಾಗಿ ಉಳಿಯುವುದಿಲ್ಲ. ಫಿಶ್ ಫೈಂಡರ್ ಶಬ್ದತರಂಗ ಕಳಿಸಿ ತಳವನ್ನೂ ನಡುವಿನ ಹಿಂಡನ್ನೂ ಬಣ್ಣದ ಕಲೆಗಳಾಗಿ ತೋರಿಸುತ್ತದೆ. ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪನೆಯಾದ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ಕಡಲ ಮೇಲ್ಮೈಯ ಬಿಸಿ ಮತ್ತು ಹಸುರನ್ನು ಅಳೆದು, ಮೀನು ಸಿಗಬಹುದಾದ ಜಾಗದ ದಿಕ್ಕು, ದೂರ, ಆಳವನ್ನು ಬಂದರುಗಳಿಗೆ ತಿಳಿಸುತ್ತದೆ. ನೀರಿನ ಬಣ್ಣ ನೋಡಿ ಹೇಳುತ್ತಿದ್ದ ಹಳೆಯ ವಿದ್ಯೆಗೂ ಇದಕ್ಕೂ ತತ್ವ ಒಂದೇ, ನೋಡುವ ಎತ್ತರ ಬೇರೆ. ಪರದೆಯ ಮೇಲಿನ ಕೆಂಪು ಕಲೆ ಬೆಲೆಬಾಳುವ ಮೀನೋ ಕಸದ ಮೀನೋ ಎಂದು ಹೇಳಲು ಇಂದಿಗೂ ಅನುಭವ ಬೇಕು. ಮೀನಿಗೆ ದೀಪ ತೋರಿಸಿ ಸೆಳೆಯುವ ಬೆಳಕಿನ ಮೀನುಗಾರಿಕೆಗೆ ಅದೂ ಬೇಡವಾಗಿತ್ತು. ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ಅದನ್ನೂ, ಜೋಡಿ ಬೋಟುಗಳ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು.

ಯಂತ್ರಗಳಿದ್ದರೂ ಕಡಲು ಕಡಲೇ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ತಾಂಡೇಲ ಸೇರಿ 7 ಮಂದಿಯೊಂದಿಗೆ ಕಾಣೆಯಾಯಿತು. ನೌಕಾಪಡೆಯ ಹಡಗು ಅದರ ಅವಶೇಷವನ್ನು ಮಹಾರಾಷ್ಟ್ರದ ಮಾಲ್ವಣದೆದುರು ಕಡಲ ತಳದಲ್ಲಿ ಗುರುತಿಸಿದ್ದು 2019ರ ಮೇ ತಿಂಗಳಲ್ಲಿ. ಏಳು ಮಂದಿಯಲ್ಲಿ ಒಬ್ಬರೂ ಮರಳಲಿಲ್ಲ.

ಹಳೆಯ ಕ್ರಮ ಪೂರ್ತಿ ಅಳಿದಿಲ್ಲ. ರಂಪಣಿಯ ಚಿಕ್ಕ ರೂಪವಾದ ಕೈರಂಪಣಿಯನ್ನು ಉಡುಪಿ ಜಿಲ್ಲೆಯ ಕೆಲವು ದಡಗಳಲ್ಲಿ ಈಗಲೂ ಎಳೆಯುತ್ತಾರೆ. 1980ರ ದಶಕದಲ್ಲಿ ಹೊರಗೆ ಕಟ್ಟುವ ಮೋಟಾರು ಹಬ್ಬಿದ ಮೇಲೆ ನಾಡದೋಣಿಗಳಿಗೆ ಮರುಹುಟ್ಟು ಬಂತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಬಂದರಿನಲ್ಲಿ ಕಟ್ಟಿ ನಿಲ್ಲುತ್ತವೆ. ಆ ಎರಡು ತಿಂಗಳು ಕಡಲು ನಾಡದೋಣಿಯವರದು. ಆದರೆ ಮಳೆ ಬಂದ ಮಾತ್ರಕ್ಕೆ ಅವರು ಇಳಿಯುವುದಿಲ್ಲ. ಕಡಲು ಒಮ್ಮೆ ತಳದಿಂದ ಕದಡಿ 'ತೂಫಾನ್' ಆಗಬೇಕು. ಆಗ ಸಿಗಡಿಯೂ ಮೀನೂ ದಡದ ಕಡೆ ಸರಿಯುತ್ತವೆ ಎಂಬುದು ಅವರ ಲೆಕ್ಕ. ತೂಫಾನ್ ಆಯಿತೇ, ತೆರೆ ಇಳಿಯಿತೇ, ದೋಣಿ ಅಳಿವೆ ದಾಟೀತೇ ಎಂಬುದನ್ನು ತೀರ್ಮಾನಿಸುವ ಪರದೆ ನಾಡದೋಣಿಯಲ್ಲಿ ಇಲ್ಲ. ದಡದಲ್ಲಿ ನಿಂತು ತೆರೆ ಎಣಿಸಿ ಅದನ್ನು ಹೇಳುವವನು ಇವತ್ತಿಗೂ ತಾಂಡೇಲನೇ.